ಕಾಫಿ ತೋಟದ ರ‍್ಯಾಲಿ ಕಾರು: ಯಾವ ಬದಲಾವಣೆ ಮೊದಲು, ಯಾವುದು ಕೊನೆಗೆ?

ಚಿಕ್ಕಮಗಳೂರು: ಕಾಫಿ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂದೊಡನೆ ಚಿಕ್ಕಮಗಳೂರು, ಮೂಡಿಗೆರೆ ಭಾಗದ ಗ್ಯಾರೇಜುಗಳಲ್ಲಿ ಕೇಳಿಬರುವ ಪ್ರಶ್ನೆಯೊಂದಿದೆ. ಮನೆಯಲ್ಲೊಂದು ಹಳೆಯ ಜಿಪ್ಸಿಯೋ, ಸ್ವಿಫ್ಟೋ, ಪೋಲೊವೋ ಇದೆ. ಅದನ್ನು ರ‍್ಯಾಲಿಗೆ ಸಜ್ಜುಗೊಳಿಸಬೇಕು. ಮೊದಲು ಏನು ಮಾಡಿಸುವುದು? ಬಹುತೇಕ ಯುವಕರ ಮನಸ್ಸಿನಲ್ಲಿ ಉತ್ತರ ಆಗಲೇ ಸಿದ್ಧವಾಗಿರುತ್ತದೆ. ಜೋರಾಗಿ ಸದ್ದು ಮಾಡುವ ಸೈಲೆನ್ಸರ್, ಹೊಸ ಏರ್ ಫಿಲ್ಟರ್, ಎಂಜಿನ್ ಶಕ್ತಿ ಹೆಚ್ಚಿಸುವ ಈಸಿಯು ಪ್ರೋಗ್ರಾಂ.

ರ‍್ಯಾಲಿಯ ಅನುಭವ ಹೇಳುವುದು ಇದಕ್ಕೆ ತದ್ವಿರುದ್ಧವಾದ ಮಾತು. ಕಾಫಿ ತೋಟದ ಮಣ್ಣಿನ ಹಾದಿಗೆ ಇಳಿಯುವ ಕಾರಿನಲ್ಲಿ ಎಂಜಿನ್‌ಗೆ ಕೈ ಹಾಕುವುದು ಕಟ್ಟಕಡೆಯ ಕೆಲಸ. ಮೊದಲ ರೂಪಾಯಿ ಸಲ್ಲಬೇಕಾದುದು ಕಾರಿನೊಳಗೆ ಕೂತವರ ಪ್ರಾಣಕ್ಕೆ. ಎರಡನೆಯದು ಕಾರನ್ನು ನಿಲ್ಲಿಸುವ ಮತ್ತು ನೆಲಕ್ಕೆ ಅಂಟಿಸಿಡುವ ಭಾಗಗಳಿಗೆ. ಈ ಕ್ರಮ ಏಕೆ, ಪ್ರತಿ ಹಂತದಲ್ಲಿ ಗಮನಿಸಬೇಕಾದ ಅಂಶಗಳೇನು ಎಂಬ ಮಾಹಿತಿ ಇಲ್ಲಿದೆ.

ತೋಟದ ಹಾದಿಯೇ ಬೇರೆ

ಚಿಕ್ಕಮಗಳೂರು ದೇಶದ ರ‍್ಯಾಲಿ ಭೂಪಟದಲ್ಲಿ ಗಟ್ಟಿ ಸ್ಥಾನ ಪಡೆದ ಊರು. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ಇಲ್ಲಿನ ತೋಟಗಳಲ್ಲಿ ನಡೆದಿವೆ. 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತಿಗೂ ಈ ಕಾಫಿ ಗಿರಿಗಳೇ ಆತಿಥ್ಯ ವಹಿಸಿದ್ದವು. ಆ ಎರಡೂ ವರ್ಷ ಚಾಂಪಿಯನ್ ಪಟ್ಟ ಗೆದ್ದವರು ಭಾರತದ ಗೌರವ್ ಗಿಲ್. 2013ರಲ್ಲೂ ಇದೇ ಪ್ರಶಸ್ತಿ ಗೆದ್ದಿದ್ದ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಸಂದಿತು. ಮೋಟಾರ್ ಕ್ರೀಡೆಯ ಸ್ಪರ್ಧಿಯೊಬ್ಬರಿಗೆ ಈ ಗೌರವ ದೊರೆತದ್ದು ಅದೇ ಮೊದಲು.

ಆದರೆ ಬೆಂಗಳೂರಿನ ಹೊರವಲಯದ ನೇರ ಹೆದ್ದಾರಿಗೂ ಇಲ್ಲಿನ ತೋಟದ ಹಾದಿಗೂ ಹೋಲಿಕೆಯೇ ಇಲ್ಲ. ಇಲ್ಲಿ ಹಾದಿಯ ಅಗಲ ಒಂದು ವಾಹನಕ್ಕೆ ಸಾಕಾಗುವಷ್ಟು ಮಾತ್ರ. ಅಂಚಿನಲ್ಲೇ ಸಾಲಾಗಿ ನಿಂತ ಸಿಲ್ವರ್ ಮರಗಳು. ಮರದ ಪಕ್ಕದಲ್ಲಿ ನೀರು ಹರಿಯುವ ಚರಂಡಿ, ಅದರಾಚೆ ಇಳಿಜಾರು. ಚಕ್ರಗಳ ಎರಡು ಜಾಡುಗಳ ನಡುವೆ ಹುಲ್ಲು ಬೆಳೆದ ದಿಬ್ಬ, ಅದರೊಳಗೆ ಮರೆಯಾಗಿ ಕೂತ ಕಲ್ಲು. ಹಿಮ್ಮುರಿ ತಿರುವುಗಳು ಒಂದರ ಹಿಂದೊಂದು ಬರುತ್ತವೆ. ಇಂಥ ಹಾದಿಯಲ್ಲಿ ಎಂಜಿನ್‌ನ ಪೂರ್ಣ ಶಕ್ತಿಯನ್ನು ಬಳಸಲು ಸಿಗುವ ಅವಕಾಶ ಕೆಲವೇ ಸೆಕೆಂಡುಗಳದ್ದು. ಉಳಿದ ಸಮಯವೆಲ್ಲ ಬ್ರೇಕ್, ತಿರುವು ಮತ್ತು ಹಿಡಿತದ ಆಟ.

ನೆಲದ ಗುಣವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಜನವರಿ, ಫೆಬ್ರುವರಿಯಲ್ಲಿ ಕೆಂಪು ದೂಳು ಮತ್ತು ಉರುಳುವ ಜಲ್ಲಿ. ಮಾರ್ಚ್, ಏಪ್ರಿಲ್‌ನಲ್ಲಿ ಬ್ಲಾಸಂ ಮಳೆ ಬಿದ್ದರೆ ಅದೇ ದೂಳು ಸಾಬೂನಿನಂತೆ ಜಾರುತ್ತದೆ. ಜೂನ್ ನಂತರ ಮೂಡಿಗೆರೆ, ಕಳಸದ ಕಡೆ ಕೆಸರಿನ ಕಾಲ. ಒಂದೇ ಕಾರು ಈ ಮೂರನ್ನೂ ಎದುರಿಸಬೇಕು.

ಮೊದಲು ನಿಯಮ ಪುಸ್ತಕ

ಸ್ಪ್ಯಾನರ್ ಹಿಡಿಯುವ ಮೊದಲು ಓದಬೇಕಾದುದು ಸ್ಪರ್ಧೆಯ ನಿಯಮಾವಳಿ. ಭಾರತದಲ್ಲಿ ಮೋಟಾರ್ ಕ್ರೀಡೆಯನ್ನು ನಿಯಂತ್ರಿಸುವ ಸಂಸ್ಥೆ ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ, ಅಂದರೆ ಎಫ್‌ಎಂಎಸ್‌ಸಿಐ. ಸ್ಪರ್ಧಿಯ ಪರವಾನಗಿ ನೀಡುವುದು, ಕಾರುಗಳ ವರ್ಗೀಕರಣ ನಿಗದಿಪಡಿಸುವುದು ಇದರ ಹೊಣೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಎಫ್‌ಐಎ ರೂಪಿಸಿದ ನಿಯಮಗಳೇ ಇದಕ್ಕೆ ಆಧಾರ.

ಪ್ರತಿ ವರ್ಗದಲ್ಲೂ ಏನನ್ನು ಬದಲಿಸಬಹುದು, ಏನನ್ನು ಮುಟ್ಟಬಾರದು ಎಂಬುದು ಬರಹದಲ್ಲಿರುತ್ತದೆ. ಕಾರ್ಖಾನೆಯಿಂದ ಬಂದ ರೂಪಕ್ಕೆ ಹತ್ತಿರವಿರಬೇಕಾದ ವರ್ಗದಲ್ಲಿ ಕ್ಯಾಮ್ ಶಾಫ್ಟ್ ಬದಲಿಸಿದರೆ ಕಾರು ತಪಾಸಣೆಯಲ್ಲೇ ಅನರ್ಹಗೊಳ್ಳಬಹುದು. ಇಲ್ಲವೇ ಹೆಚ್ಚು ಬಲಿಷ್ಠ ಕಾರುಗಳಿರುವ ಮೇಲಿನ ವರ್ಗಕ್ಕೆ ಹೋಗಬೇಕಾಗಬಹುದು. ಎಂಜಿನ್‌ಗೆ ಲಕ್ಷಗಟ್ಟಲೆ ಸುರಿದು, ಕೊನೆಗೆ ತಮಗಿಂತ ದುಪ್ಪಟ್ಟು ಖರ್ಚು ಮಾಡಿದವರ ಎದುರು ಸ್ಪರ್ಧಿಸುವ ಸ್ಥಿತಿ ಬರುವುದು ಹೀಗೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಪರಿಷ್ಕರಣೆಯಾಗುವುದರಿಂದ ಆಯಾ ವರ್ಷದ ಪ್ರತಿಯನ್ನೇ ನೋಡಬೇಕು.

ದುರಸ್ತಿಯೇ ಮೊದಲ ಸುಧಾರಣೆ

ಹಳೆಯ ಕಾರಿಗೆ ಹೊಸ ಬಿಡಿಭಾಗ ಜೋಡಿಸುವ ಮುನ್ನ ಇರುವ ಭಾಗಗಳನ್ನು ಸುಸ್ಥಿತಿಗೆ ತರಬೇಕು. ಸವೆದ ಬಾಲ್ ಜಾಯಿಂಟ್, ಬಿರುಕು ಬಿಟ್ಟ ಬುಷ್, ಕುಸಿದ ಎಂಜಿನ್ ಮೌಂಟಿಂಗ್, ಸಡಿಲವಾದ ವೀಲ್ ಬೇರಿಂಗ್, ಸೋರುವ ಆಕ್ಸಲ್ ಬೂಟ್ ಇವು ಊರಿನ ಓಡಾಟದಲ್ಲಿ ಬರೀ ಸದ್ದು ಮಾಡಿಕೊಂಡಿರುತ್ತವೆ. ರ‍್ಯಾಲಿಯ ಮೊದಲ ಹಂತದಲ್ಲೇ ಅವು ಮುರಿಯುತ್ತವೆ. ದುಬಾರಿ ಶಾಕ್ ಅಬ್ಸಾರ್ಬರ್ ಹಾಕಿದರೂ ಬುಷ್ ಸವೆದಿದ್ದರೆ ಚಕ್ರ ತನ್ನ ದಿಕ್ಕನ್ನು ತಾನೇ ಬದಲಿಸುತ್ತದೆ.

ಮಲೆನಾಡಿನ ಕಾರುಗಳಲ್ಲಿ ಇನ್ನೊಂದು ಶತ್ರು ತುಕ್ಕು. ಆರು ತಿಂಗಳ ತೇವದಲ್ಲಿ ನಿಂತ ಕಾರಿನ ಅಡಿಭಾಗ, ಸ್ಟ್ರಟ್ ಟವರ್, ಜಾಕ್ ಇಡುವ ಜಾಗ, ಸೀಟಿನ ಬೋಲ್ಟ್ ಕೂರುವ ತಗಡು ಇವನ್ನು ಸುತ್ತಿಗೆಯಿಂದ ತಟ್ಟಿ ಪರೀಕ್ಷಿಸಬೇಕು. ತುಕ್ಕು ತಿಂದ ತಗಡಿಗೆ ಬೆಸೆದ ರೋಲ್ ಕೇಜ್ ಅಪಘಾತದ ವೇಳೆ ತಗಡನ್ನೇ ಹರಿದುಕೊಂಡು ಒಳಗೆ ಬರಬಹುದು.

ಜೀವ ಉಳಿಸುವ ಪರಿಕರಗಳು

ಸ್ಪರ್ಧೆಗೆ ಇಳಿಯುವುದು ನಿಶ್ಚಯವಾದ ಮೇಲೆ ಮೊದಲ ದೊಡ್ಡ ಖರ್ಚು ರೋಲ್ ಕೇಜ್. ಇದು ಕಾರು ಉರುಳಿದಾಗ ಚಾವಣಿ ಕುಸಿಯದಂತೆ ತಡೆಯುವ ಉಕ್ಕಿನ ಪಂಜರ. ಎಫ್‌ಐಎ ನಿಯಮದಂತೆ ಮುಖ್ಯ ಕಮಾನಿಗೆ ಬೆಸುಗೆ ಜೋಡಣೆಯಿಲ್ಲದ, ಶೀತಲವಾಗಿ ಎಳೆದ ಇಂಗಾಲದ ಉಕ್ಕಿನ ಕೊಳವೆಯನ್ನೇ ಬಳಸಬೇಕು. ಅದರ ಅಳತೆ ಕನಿಷ್ಠ 45 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ದಪ್ಪ, ಅಥವಾ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪ. ಗೇಟು, ಚಪ್ಪರಕ್ಕೆ ಬಳಸುವ ನೀರಿನ ಪೈಪನ್ನು ಬಗ್ಗಿಸಿ ಮಾಡಿದ ಪಂಜರ ನೋಡಲು ಹಾಗೆಯೇ ಕಾಣುತ್ತದೆ. ಹೊಡೆತ ಬಿದ್ದಾಗ ಮಡಚಿಕೊಳ್ಳುತ್ತದೆ. ತಲೆ ತಾಗಬಹುದಾದ ಕಡೆಗಳಲ್ಲಿ ಮೆತ್ತೆ ಕಡ್ಡಾಯ.

ಗಮನಿಸಬೇಕಾದ ಸಂಗತಿಯೆಂದರೆ, ಪಂಜರ ಸೀಟು, ಬೆಲ್ಟ್ ಮತ್ತು ಹೆಲ್ಮೆಟ್ ಜತೆಗೂಡಿದಾಗ ಮಾತ್ರ ರಕ್ಷಣೆ. ನಿತ್ಯದ ಓಡಾಟದಲ್ಲಿ ಹೆಲ್ಮೆಟ್ ಇಲ್ಲದೆ ಪಂಜರವಿರುವ ಕಾರಿನಲ್ಲಿ ಕೂತರೆ ಸಣ್ಣ ಡಿಕ್ಕಿಯಲ್ಲೂ ತಲೆ ಉಕ್ಕಿಗೆ ಬಡಿಯುತ್ತದೆ. ಮಕ್ಕಳನ್ನು ಶಾಲೆಗೆ ಬಿಡುವ ಕಾರು ಮತ್ತು ರ‍್ಯಾಲಿ ಕಾರು ಎರಡೂ ಒಂದೇ ಆಗಬಾರದು ಎನ್ನಲು ಇದೊಂದೇ ಕಾರಣ ಸಾಕು.

ನಂತರದ್ದು ಬಕೆಟ್ ಸೀಟು ಮತ್ತು ಹಾರ್ನೆಸ್ ಬೆಲ್ಟ್. ಎರಡಕ್ಕೂ ಎಫ್‌ಐಎ ಮಾನ್ಯತೆಯ ಲೇಬಲ್ ಇರುತ್ತದೆ, ಅದರಲ್ಲಿ ಬಳಕೆಯ ಅವಧಿಯೂ ತಿಳಿಯುತ್ತದೆ. ಅವಧಿ ಮೀರಿದ ಬೆಲ್ಟ್ ಎಷ್ಟೇ ಹೊಸದಾಗಿ ಕಂಡರೂ ತಪಾಸಣೆಯಲ್ಲಿ ತಿರಸ್ಕೃತವಾಗುತ್ತದೆ. ಭುಜದ ಪಟ್ಟಿ ಹಿಂದಕ್ಕೆ ಸಾಗುವಾಗ ಅಡ್ಡಗೆರೆಯಿಂದ 45 ಡಿಗ್ರಿಗಿಂತ ಹೆಚ್ಚು ಕೆಳಕ್ಕೆ ಇಳಿಯಬಾರದು. ಹಿಂಸೀಟಿನ ಕೆಳಗಿನ ನೆಲಕ್ಕೆ ಕಡಿದಾಗಿ ಬಿಗಿದ ಪಟ್ಟಿ ಡಿಕ್ಕಿಯ ವೇಳೆ ಬೆನ್ನುಮೂಳೆಯನ್ನು ಕೆಳಕ್ಕೆ ಜಗ್ಗುತ್ತದೆ. ಜೋರಾದ ಅಪಘಾತ ಕಂಡ ಬೆಲ್ಟನ್ನು ಮತ್ತೆ ಬಳಸುವಂತಿಲ್ಲ.

ಹೆಲ್ಮೆಟ್, ಕುತ್ತಿಗೆ ರಕ್ಷಿಸುವ ಹ್ಯಾನ್ಸ್ ಸಾಧನ, ಬೆಂಕಿ ತಡೆಯುವ ಉಡುಪು, ಕೈಗೆ ಸಿಗುವಂತಿರುವ ಅಗ್ನಿಶಾಮಕ, ಬೆಲ್ಟ್ ಕತ್ತರಿಸುವ ಎರಡು ಕಟರ್‌ಗಳು, ಹೊರಗಿನಿಂದಲೂ ವಿದ್ಯುತ್ ಕಡಿತಗೊಳಿಸಬಲ್ಲ ಮುಖ್ಯ ಸ್ವಿಚ್ ಇವೂ ಇದೇ ಪಟ್ಟಿಯಲ್ಲಿವೆ. ಆ ಸ್ವಿಚ್ ಇರುವ ಜಾಗವನ್ನು ಬಿಳಿ ಅಂಚಿನ ನೀಲಿ ತ್ರಿಕೋನದೊಳಗೆ ಕೆಂಪು ಮಿಂಚಿನ ಗುರುತು ಹಾಕಿ ತೋರಿಸಲಾಗುತ್ತದೆ. ರ‍್ಯಾಲಿ ನೋಡಲು ಹೋದವರೂ ಈ ಗುರುತನ್ನು ತಿಳಿದಿರುವುದು ಒಳ್ಳೆಯದು. ಉರುಳಿದ ಕಾರಿನ ಬಳಿಗೆ ಮೊದಲು ತಲುಪುವವರು ಸಾಮಾನ್ಯವಾಗಿ ಪ್ರೇಕ್ಷಕರೇ.

ಟೈರು: ಅಂಗೈ ಅಗಲದ ನಂಟು

ಕಾರು ಭೂಮಿಯನ್ನು ಮುಟ್ಟುವುದು ನಾಲ್ಕು ಅಂಗೈ ಅಗಲದ ಜಾಗಗಳಲ್ಲಿ ಮಾತ್ರ. ಬ್ರೇಕ್, ಸ್ಟೀರಿಂಗ್, ಎಂಜಿನ್ ಮೂರರ ಕೆಲಸವೂ ಅಲ್ಲಿಯೇ ಮುಗಿಯುತ್ತದೆ. ಆದ್ದರಿಂದ ವೇಗಕ್ಕೆ ಸಂಬಂಧಿಸಿದ ಮೊದಲ ಖರ್ಚು ಟೈರಿಗೆ ಸಲ್ಲಬೇಕು.

ಅಗಲವಾದ ಟೈರು ಹಾಕಿದರೆ ಹಿಡಿತ ಹೆಚ್ಚುತ್ತದೆ ಎಂಬುದು ಡಾಂಬರು ರಸ್ತೆಯ ಲೆಕ್ಕ. ಸಡಿಲ ಮಣ್ಣಿನಲ್ಲಿ ಹಾಗಲ್ಲ. ಮೇಲಿನ ದೂಳು, ಜಲ್ಲಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲ ತಲುಪಬೇಕಾದರೆ ಟೈರು ಕಿರಿದಾಗಿರಬೇಕು, ಅದರ ಗುಬ್ಬಿಗಳು ದೊಡ್ಡದಾಗಿ ಬಿಡಿಬಿಡಿಯಾಗಿರಬೇಕು, ಪಕ್ಕದ ಗೋಡೆ ಕಲ್ಲಿನ ಹೊಡೆತ ತಾಳುವಷ್ಟು ಗಟ್ಟಿಯಾಗಿರಬೇಕು. ರ‍್ಯಾಲಿ ಟೈರುಗಳನ್ನು ಎಂಆರ್‌ಎಫ್, ಜೆಕೆ ಟೈರ್‌ನಂಥ ಭಾರತೀಯ ಕಂಪನಿಗಳೂ ತಯಾರಿಸುತ್ತಾ ಬಂದಿವೆ. ದೊಡ್ಡ ಅಲಾಯ್ ರಿಮ್, ತೆಳುವಾದ ಟೈರಿನ ಜೋಡಿ ತೋಟದ ಹಾದಿಗೆ ಒಗ್ಗುವುದಿಲ್ಲ. ಒಂದೇ ಕಲ್ಲಿಗೆ ರಿಮ್ ಸೀಳುತ್ತದೆ.

ಹಳೆಯ ಟೈರು ಕೊಳ್ಳುವವರು ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳನ್ನು ನೋಡಬೇಕು. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರ. ಗುಬ್ಬಿ ಎಷ್ಟೇ ಉಳಿದಿದ್ದರೂ ವರ್ಷ ಕಳೆದ ರಬ್ಬರ್ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಬ್ರೇಕ್: ವೇಗದ ವರ್ಗದ ಲೆಕ್ಕ

ಚಲಿಸುವ ಕಾರಿನಲ್ಲಿರುವ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದ ಕಾರು 90 ಕಿ.ಮೀ.ಗೆ ಏರಿದರೆ ವೇಗ ಹೆಚ್ಚುವುದು ಒಂದೂವರೆ ಪಟ್ಟು. ಬ್ರೇಕ್ ಅರಗಿಸಬೇಕಾದ ಶಕ್ತಿ ಹೆಚ್ಚುವುದು ಎರಡೂಕಾಲು ಪಟ್ಟು. ಎಂಜಿನ್ ಮಾತ್ರ ಬಲಪಡಿಸಿ ಬ್ರೇಕನ್ನು ಹಾಗೆಯೇ ಬಿಟ್ಟ ಕಾರು ಏಕೆ ಅಪಾಯಕಾರಿ ಎಂಬುದಕ್ಕೆ ಈ ಲೆಕ್ಕವೇ ಉತ್ತರ.

ಇಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ನೀಡುವ ಕೆಲಸ ಬ್ರೇಕ್ ಆಯಿಲ್ ಬದಲಿಸುವುದು. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಲೆನಾಡಿನಲ್ಲಿ ತೇವಕ್ಕೆ ಕೊರತೆಯಿಲ್ಲ. ಹೊಸ ಡಾಟ್ 4 ದ್ರವ ಕುದಿಯುವ ಕನಿಷ್ಠ ಮಟ್ಟ 230 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಮೇಲೆ ಅದು 155 ಡಿಗ್ರಿಗೆ ಇಳಿಯಬಹುದು. ಡಾಟ್ 5.1ರಲ್ಲಿ ಈ ಅಂಕಿಗಳು 260 ಮತ್ತು 180. ದ್ರವ ಕುದಿದು ಗುಳ್ಳೆಗಳಾದರೆ ಪೆಡಲ್ ನೆಲಕ್ಕೆ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ವಾಸನೆ ಬಂದ ಅನುಭವವಿರುವ ಚಾಲಕರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹೆಸರು ಹೋಲುವ ಡಾಟ್ 5 ಸಿಲಿಕೋನ್ ಆಧಾರಿತ ದ್ರವ. ಅದನ್ನು ಇವುಗಳ ಜತೆ ಬೆರೆಸಬಾರದು.

ಎರಡನೆಯದು ಪ್ಯಾಡ್. ರೇಸಿಂಗ್‌ಗೆಂದೇ ಮಾಡಿದ ಪ್ಯಾಡುಗಳು ಕಾದ ನಂತರ ಚೆನ್ನಾಗಿ ಕಚ್ಚುತ್ತವೆ. ತಣ್ಣಗಿರುವಾಗ ಸಾಮಾನ್ಯ ಪ್ಯಾಡಿಗಿಂತಲೂ ಕಡಿಮೆ. ಹಂತದಿಂದ ಹಂತಕ್ಕೆ ಸಾಮಾನ್ಯ ರಸ್ತೆಯಲ್ಲೇ ಸಾಗಬೇಕಾದ ರ‍್ಯಾಲಿ ಕಾರಿಗೆ ಎರಡೂ ಸ್ಥಿತಿಯಲ್ಲಿ ಕೆಲಸ ಮಾಡುವ ಮಧ್ಯಮ ದರ್ಜೆಯ ಪ್ಯಾಡ್ ಸೂಕ್ತ. ಮೂರನೆಯದು ಉಕ್ಕಿನ ಹೆಣಿಗೆಯಿರುವ ಬ್ರೇಕ್ ಹೋಸ್. ಒತ್ತಡಕ್ಕೆ ಉಬ್ಬದ ಕಾರಣ ಪೆಡಲ್ ಗಟ್ಟಿಯಾಗಿ ಸಿಗುತ್ತದೆ. ದೊಡ್ಡ ಡಿಸ್ಕ್, ಹೊಸ ಕ್ಯಾಲಿಪರ್ ಇವೆಲ್ಲ ಆಮೇಲಿನ ಮಾತು.

ಎಬಿಎಸ್ ಬಗ್ಗೆ ಒಂದು ಮಾತು. ಸಡಿಲ ಜಲ್ಲಿಯಲ್ಲಿ ಎಬಿಎಸ್ ಇರುವ ಕಾರು ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುವುದುಂಟು, ಹಾಗಾಗಿ ಸ್ಪರ್ಧಿಗಳು ಅದನ್ನು ತೆಗೆಸುವ ಪರಿಪಾಠವಿದೆ. ಆದರೆ ನಿತ್ಯ ರಸ್ತೆಗಿಳಿಯುವ ಕಾರಿನಲ್ಲಿ ಅದನ್ನು ಮುಟ್ಟಲೇಬಾರದು.

ಸಂಪ್ ಗಾರ್ಡ್, ಸಸ್ಪೆನ್ಷನ್

ಎಂಜಿನ್ ಆಯಿಲ್ ತುಂಬಿರುವ ಸಂಪ್ ಕಾರಿನ ಅತಿ ಕೆಳಗಿನ ಭಾಗ. ತೋಟದ ಹಾದಿಯ ನಡುದಿಬ್ಬದ ಒಂದು ಕಲ್ಲು ಅದನ್ನು ಸೀಳಿದರೆ ಕ್ಷಣಗಳಲ್ಲಿ ಆಯಿಲ್ ಖಾಲಿಯಾಗಿ ಎಂಜಿನ್ ಜಾಮ್ ಆಗುತ್ತದೆ. ಎಂಜಿನ್‌ಗೆ ಮಾಡಬಹುದಾದ ಅತ್ಯುತ್ತಮ ಉಪಕಾರವೆಂದರೆ ಅದರ ಅಡಿಗೆ ಗಟ್ಟಿಯಾದ ಸಂಪ್ ಗಾರ್ಡ್ ಹಾಕಿಸುವುದು. ಕಾರ್ಖಾನೆಯಿಂದ ಬಂದ ಪ್ಲಾಸ್ಟಿಕ್ ಅಥವಾ ತೆಳು ತಗಡಿನ ಹೊದಿಕೆ ಇದಕ್ಕೆ ಸಾಲದು. ಅಲ್ಯೂಮಿನಿಯಂ ಹಗುರ, ಉಕ್ಕು ಅಗ್ಗ. ಯಾವುದೇ ಆದರೂ ಗಾರ್ಡ್ ಷಾಸಿಗೆ ಬಿಗಿಯಾಗಿ ಕೂತಿರಬೇಕು. ಹೊಡೆತವನ್ನು ಸಂಪ್‌ಗೆ ದಾಟಿಸಬಾರದು. ಪೆಟ್ರೋಲ್ ಮತ್ತು ಬ್ರೇಕ್ ಪೈಪುಗಳು ಕಾರಿನ ಅಡಿಯಲ್ಲಿ ಸಾಗುವಂತಿದ್ದರೆ ಅವಕ್ಕೂ ಹೊದಿಕೆ ಬೇಕು.

ಸಸ್ಪೆನ್ಷನ್ ವಿಷಯದಲ್ಲಿ ನಗರದ ರೂಢಿ ಕಾರನ್ನು ತಗ್ಗಿಸುವುದು. ಇಲ್ಲಿ ಬೇಕಿರುವುದು ಅದಕ್ಕೆ ವಿರುದ್ಧ. ನೆಲದಿಂದ ತುಸು ಎತ್ತರ, ಚಕ್ರಕ್ಕೆ ಮೇಲೆ ಕೆಳಗೆ ಆಡಲು ಹೆಚ್ಚು ಅವಕಾಶ. ಸ್ಪ್ರಿಂಗ್ ಮಾತ್ರ ಗಡುಸು ಮಾಡಿ ಶಾಕ್ ಅಬ್ಸಾರ್ಬರ್ ಹಳೆಯದನ್ನೇ ಬಿಟ್ಟರೆ ಕಾರು ಚೆಂಡಿನಂತೆ ಪುಟಿಯುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ತಿರುಗಿಸುವ ಶಕ್ತಿಯೂ ಇಲ್ಲ, ನಿಲ್ಲಿಸುವ ಶಕ್ತಿಯೂ ಇಲ್ಲ. ಸಾಮಾನ್ಯ ಶಾಕ್ ಅಬ್ಸಾರ್ಬರ್‌ನೊಳಗಿನ ಎಣ್ಣೆ ಉದ್ದದ ಹಂತಗಳಲ್ಲಿ ಕಾದು ನೊರೆಯಾಗುತ್ತದೆ. ಒತ್ತಡದ ಅನಿಲ ತುಂಬಿದ ಮಾದರಿಗಳು ಇದನ್ನು ಹೆಚ್ಚು ಹೊತ್ತು ತಾಳಿಕೊಳ್ಳುತ್ತವೆ. ನಾಲ್ಕು ಒಳ್ಳೆಯ ಶಾಕ್ ಅಬ್ಸಾರ್ಬರ್‌ಗಳು ಅನೇಕ ಬಾರಿ ಇಡೀ ಎಂಜಿನ್ ಕೆಲಸಕ್ಕಿಂತ ದುಬಾರಿ. ಆದರೆ ಒರಟು ಹಾದಿಯಲ್ಲಿ ಸಮಯ ಉಳಿತಾಯವಾಗುವುದು ಅಲ್ಲಿಯೇ.

ಎತ್ತರ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸುವುದನ್ನು ಮರೆಯಬಾರದು.

ಗೇರು, ಕ್ಲಚ್, ಡಿಫರೆನ್ಷಿಯಲ್

ಸಾಮಾನ್ಯ ಡಿಫರೆನ್ಷಿಯಲ್ ಇರುವ ಕಾರಿನಲ್ಲಿ ಒಂದು ಚಕ್ರ ಕೆಸರಿನಲ್ಲಿ ಸುತ್ತತೊಡಗಿದರೆ ಇನ್ನೊಂದಕ್ಕೂ ಬಲ ಸಿಗುವುದಿಲ್ಲ. ಹಿಮ್ಮುರಿ ತಿರುವಿನಿಂದ ಹೊರಬರುವಾಗ ಒಳಗಿನ ಚಕ್ರ ಸುಮ್ಮನೆ ತಿರುಗಿ ಹೊಗೆ ಹಾರಿಸುವುದು ಇದೇ ಕಾರಣಕ್ಕೆ. ಜಾರುವಿಕೆಯನ್ನು ಮಿತಿಗೊಳಿಸುವ ಎಲ್‌ಎಸ್‌ಡಿ ಇದಕ್ಕೆ ಪರಿಹಾರ. ವರ್ಗದ ನಿಯಮ ಅವಕಾಶ ನೀಡಿದರೆ, ಮುಂಚಕ್ರ ಚಾಲನೆಯ ಸಣ್ಣ ಕಾರಿಗೆ ಎಂಜಿನ್‌ನಲ್ಲಿ ಹತ್ತು ಕುದುರೆಶಕ್ತಿ ಏರಿಸುವುದಕ್ಕಿಂತ ಇದರಿಂದ ಆಗುವ ಲಾಭ ಹೆಚ್ಚು.

ಏರು ಹಾದಿಯಲ್ಲಿ ಗೇರಿನ ಅನುಪಾತವೂ ಮುಖ್ಯ. ಹೆದ್ದಾರಿಗಾಗಿ ಉದ್ದ ಗೇರುಗಳಿರುವ ಕಾರು ತೋಟದ ತಿರುವುಗಳಲ್ಲಿ ಎರಡನೆಯದಕ್ಕೆ ಹೆಚ್ಚು, ಮೂರನೆಯದಕ್ಕೆ ಕಡಿಮೆ ಎಂಬ ಸ್ಥಿತಿಗೆ ಸಿಲುಕುತ್ತದೆ. ಫೈನಲ್ ಡ್ರೈವ್ ಅನುಪಾತ ಬದಲಿಸಿದರೆ ಗರಿಷ್ಠ ವೇಗ ತಗ್ಗಿ ಎಳೆತ ಹೆಚ್ಚುತ್ತದೆ. ಕ್ಲಚ್ ಹೊಸದಾಗಿರಲಿ, ಎಂಜಿನ್ ಶಕ್ತಿ ಏರಿಸುವ ಆಲೋಚನೆಯಿದ್ದರೆ ಅದಕ್ಕೆ ತಕ್ಕಂತೆ ಗಟ್ಟಿಯದಾಗಿರಲಿ.

ಎಂಜಿನ್ ಕೊನೆಗೆ ಏಕೆ?

ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಸರಿಸುಮಾರು ಶೇ 9ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಬಹುತೇಕ ಅಷ್ಟೇ ಪ್ರಮಾಣದ ಶಕ್ತಿಯನ್ನು ಇಲ್ಲಿ ಕಳೆದುಕೊಳ್ಳುತ್ತದೆ. ಸೈಲೆನ್ಸರ್ ಮತ್ತು ಫಿಲ್ಟರ್ ಬದಲಿಸಿ ಪಡೆಯುವ ಅಲ್ಪ ಗಳಿಕೆ ಬೆಟ್ಟ ಹತ್ತುವುದರೊಳಗೆ ಕರಗಿರುತ್ತದೆ, ಉಳಿಯುವುದು ಸದ್ದು.

ವಿಶ್ವದರ್ಜೆಯ ಕಾರುಗಳೂ ಇದೇ ಪಾಠ ಹೇಳುತ್ತವೆ. 2016 ಮತ್ತು 2017ರಲ್ಲಿ ಗಿಲ್ ಓಡಿಸಿದ್ದು ಸ್ಕೋಡಾ ಫ್ಯಾಬಿಯಾ ಆರ್5. 1.6 ಲೀಟರ್ ಟರ್ಬೊ ಎಂಜಿನ್, ನಾಲ್ಕು ಚಕ್ರಗಳಿಗೂ ಚಾಲನೆ. ಈ ವರ್ಗದ ಕಾರುಗಳ ಎಂಜಿನ್‌ಗೆ ಗಾಳಿ ಹೋಗುವ ದಾರಿಯನ್ನು ನಿಯಮವೇ 32 ಮಿ.ಮೀ. ವ್ಯಾಸಕ್ಕೆ ಸೀಮಿತಗೊಳಿಸಿತ್ತು. ಅಂದರೆ ಶಕ್ತಿಗೆ ಮೊದಲೇ ಮೂಗುದಾರ ಬಿದ್ದಿತ್ತು. ಅಂಥ ಕಾರುಗಳ ನಡುವಿನ ಪೈಪೋಟಿ ಸಸ್ಪೆನ್ಷನ್, ಟೈರು, ಡಿಫರೆನ್ಷಿಯಲ್ ಮತ್ತು ಚಾಲಕನ ನೈಪುಣ್ಯದ ಮೇಲೆ ನಿಂತಿತ್ತು.

ಎಂಜಿನ್‌ಗೆ ಮೊದಲು ಬೇಕಿರುವುದು ಆರೋಗ್ಯ. ಸ್ವಚ್ಛ ರೇಡಿಯೇಟರ್, ಸರಿಯಾಗಿ ತಿರುಗುವ ಫ್ಯಾನ್, ಗುಣಮಟ್ಟದ ಆಯಿಲ್, ದೂಳು ಸೋಸುವ ಫಿಲ್ಟರ್. ಸದ್ದಿಗಾಗಿ ಬಾಯಿ ತೆರೆದಿಟ್ಟ ಏರ್ ಫಿಲ್ಟರ್ ತೋಟದ ಕೆಂಪು ದೂಳನ್ನು ಸಿಲಿಂಡರ್‌ಗೆ ಬಿಟ್ಟುಕೊಂಡರೆ ಪಿಸ್ಟನ್ ರಿಂಗ್ ಬೇಗ ಸವೆಯುತ್ತದೆ.

ಶಕ್ತಿ ಏರಿಸದೆ ವೇಗ ಪಡೆಯುವ ಇನ್ನೊಂದು ದಾರಿ ತೂಕ ಇಳಿಸುವುದು. ಸಾವಿರ ಕೆ.ಜಿ. ತೂಕದ ಕಾರಿನಿಂದ 50 ಕೆ.ಜಿ. ತೆಗೆದರೆ ವೇಗವರ್ಧನೆಗೆ ಎಂಜಿನ್ ಶಕ್ತಿಯನ್ನು ಶೇ 5ರಷ್ಟು ಹೆಚ್ಚಿಸಿದಂತೆ. ಜತೆಗೆ ಬ್ರೇಕ್ ಮತ್ತು ಟೈರಿನ ಹೊರೆಯೂ ಇಳಿಯುತ್ತದೆ. ವರ್ಗದ ಕನಿಷ್ಠ ತೂಕ ಎಷ್ಟೆಂದು ನೋಡಿಕೊಂಡು ಮುಂದುವರಿಯಬೇಕು.

ಜಿಪ್ಸಿಗೆ ಒಂದು ಕ್ರಮ, ಸ್ವಿಫ್ಟ್‌ಗೆ ಇನ್ನೊಂದು

1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿ ದೇಶದ ರ‍್ಯಾಲಿಗಳಲ್ಲಿ ದಶಕಗಳ ಕಾಲ ಮೆರೆದ ವಾಹನ; ಅದಕ್ಕೆಂದೇ ಪ್ರತ್ಯೇಕ ವರ್ಗವೂ ಇತ್ತು. ಪ್ರತ್ಯೇಕ ಷಾಸಿ, ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗ್, ನೆಲದಿಂದ ಎತ್ತರ ಇವು ಅದರ ಲಕ್ಷಣ. ಸಂಪ್‌ಗೆ ಹೊಡೆತ ಬೀಳುವ ಭಯ ಕಡಿಮೆ. ಆದರೆ ಎತ್ತರ ಹೆಚ್ಚಾದ್ದರಿಂದ ಉರುಳುವ ಭಯ ಹೆಚ್ಚು. ಬಟ್ಟೆ ಮೇಲ್ಛಾವಣಿಯ ಜಿಪ್ಸಿಗೆ ಪಂಜರವೇ ಚಾವಣಿ. ಆದ್ದರಿಂದ ಜಿಪ್ಸಿಯಲ್ಲಿ ರೋಲ್ ಕೇಜ್ ಮತ್ತು ಶಾಕ್ ಅಬ್ಸಾರ್ಬರ್ ಎಲ್ಲಕ್ಕಿಂತ ಮೊದಲು.

ಸ್ವಿಫ್ಟ್ ಅಥವಾ 2010ರಿಂದ 2022ರವರೆಗೆ ಭಾರತದಲ್ಲಿ ಮಾರಾಟವಾದ ಫೋಕ್ಸ್‌ವ್ಯಾಗನ್ ಪೋಲೊದಂಥ ಮುಂಚಕ್ರ ಚಾಲನೆಯ ಕಾರುಗಳು ನೆಲಕ್ಕೆ ಹತ್ತಿರ. ಇವುಗಳಲ್ಲಿ ಸುರಕ್ಷತಾ ಪರಿಕರಗಳ ಬೆನ್ನಿಗೇ ಸಂಪ್ ಗಾರ್ಡ್ ಬರಬೇಕು. ಎಲ್‌ಎಸ್‌ಡಿಯ ಫಲವೂ ಇವುಗಳಲ್ಲಿಯೇ ಎದ್ದು ಕಾಣುತ್ತದೆ.

ಹಣದ ಲೆಕ್ಕ

ಕಾರಿನ ಬೆಲೆ ಬಿಟ್ಟು ಸಿದ್ಧತೆಗೆಂದು ನೂರು ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ 35 ರೂಪಾಯಿ ಸುರಕ್ಷತೆಗೆ, 10 ದುರಸ್ತಿಗೆ, 15 ಟೈರು ಮತ್ತು ಬ್ರೇಕಿಗೆ, 20 ಸಂಪ್ ಗಾರ್ಡ್ ಮತ್ತು ಸಸ್ಪೆನ್ಷನ್‌ಗೆ ಇಡಬಹುದು. ಉಳಿದ 20 ರೂಪಾಯಿ ಪ್ರವೇಶ ಶುಲ್ಕ, ಬದಲಿ ಬಿಡಿಭಾಗ ಮತ್ತು ಅಭ್ಯಾಸಕ್ಕೆ. ಇದು ಒಂದು ಮಾದರಿ ಅಷ್ಟೇ. ಆದರೆ ಎಂಜಿನ್ ಹೆಸರು ಈ ಮೊದಲ ನೂರರಲ್ಲಿ ಬರುವುದಿಲ್ಲ ಎಂಬುದನ್ನು ಗಮನಿಸಬೇಕು.

ಅಭ್ಯಾಸಕ್ಕೆ ಇಟ್ಟ ಹಣ ವ್ಯರ್ಥವಲ್ಲ. ಹೊಸಬರು ಆಟೊಕ್ರಾಸ್ ಸ್ಪರ್ಧೆಗಳಿಂದ ಆರಂಭಿಸುವುದು ಒಳ್ಳೆಯದು. ಬಯಲಿನಲ್ಲಿ ನಡೆಯುವ ಈ ಸ್ಪರ್ಧೆಯಲ್ಲಿ ಮರ, ಕಂದಕಗಳ ಭಯ ಕಡಿಮೆ. ಸಹಚಾಲಕರೊಡನೆ ಕೂತು ಪೇಸ್ ನೋಟ್ಸ್ ಬರೆಯಲು, ಕೇಳಲು ಕಲಿಯುವುದಕ್ಕೆ ಬಿಡಿಭಾಗದ ಖರ್ಚೇ ಇಲ್ಲ. ಕಾಣದ ತಿರುವನ್ನು ಮೊದಲೇ ತಿಳಿದ ಚಾಲಕ ಉಳಿಸುವ ಸೆಕೆಂಡುಗಳನ್ನು ಯಾವ ಸೈಲೆನ್ಸರೂ ಉಳಿಸಲಾರದು.

ಹೊಸದಾಗಿ ಕಟ್ಟಿಸುವ ಬದಲು ಇನ್ನೊಬ್ಬರು ಓಡಿಸಿದ ಸಿದ್ಧ ರ‍್ಯಾಲಿ ಕಾರು ಕೊಳ್ಳುವುದು ಅನೇಕ ವೇಳೆ ಅಗ್ಗ. ಆಗ ಪಂಜರದ ಬೆಸುಗೆ, ಷಾಸಿಯ ನೇರತೆ, ಸೀಟು ಮತ್ತು ಬೆಲ್ಟ್‌ಗಳ ಅವಧಿ, ನೋಂದಣಿ ಪತ್ರ ಇವುಗಳನ್ನು ತಪ್ಪದೆ ಪರಿಶೀಲಿಸಬೇಕು.

ರಸ್ತೆಯಲ್ಲಿ ಕಾನೂನು

ಕಾರು ಸಜ್ಜಾಯಿತೆಂದು ಮುಳ್ಳಯ್ಯನಗಿರಿ, ಕೊಟ್ಟಿಗೆಹಾರ ಅಥವಾ ಕುದುರೆಮುಖದ ರಸ್ತೆಯಲ್ಲಿ ಪರೀಕ್ಷಿಸಲು ಹೊರಡುವುದು ಅಪರಾಧ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆ ಅಥವಾ ಪರೀಕ್ಷೆ ನಡೆಸುವಂತಿಲ್ಲ. 2019ರ ತಿದ್ದುಪಡಿಯಂತೆ ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗೆ ಸಜೆ, 5,000 ರೂಪಾಯಿ ದಂಡ ಅಥವಾ ಎರಡೂ.

ಕಾಯ್ದೆಯ 52ನೇ ಸೆಕ್ಷನ್ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಲುವನ್ನು ಎತ್ತಿಹಿಡಿದಿದೆ. ಕಾನೂನು ಅನುಮತಿಸದ ಪ್ರತಿ ಬದಲಾವಣೆಗೆ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ವಿಮೆಯ ವಿಷಯವೂ ಅಷ್ಟೇ ಗಂಭೀರ. ಸಾಮಾನ್ಯ ಮೋಟಾರು ವಿಮಾ ಪಾಲಿಸಿಯ ಷರತ್ತುಗಳಲ್ಲಿ ಸಂಘಟಿತ ರೇಸ್, ವೇಗ ಪರೀಕ್ಷೆ ಇವುಗಳನ್ನು ಹೊರಗಿಡಲಾಗಿರುತ್ತದೆ.

ಸ್ವಂತ ತೋಟದ ರಸ್ತೆಯಲ್ಲಿ ಓಡಿಸಿದರೆ ಕೇಳುವವರಾರು ಎಂಬ ಮಾತೂ ಸರಿಯಲ್ಲ. ತೋಟದ ರಸ್ತೆ ನಿರ್ಜನವಲ್ಲ. ಅಂಚಿನಲ್ಲಿ ಕಾರ್ಮಿಕರ ಲೈನ್ ಮನೆಗಳಿವೆ, ಅಲ್ಲಿ ಮಕ್ಕಳು ಆಡುತ್ತಾರೆ. ಕೊಯ್ಲಿನ ಸಮಯದಲ್ಲಿ ಚೀಲ ಹೊತ್ತ ಹೆಂಗಸರು ತಿರುವಿನ ಮರೆಯಿಂದ ಬರುತ್ತಾರೆ. ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಕ್ರಮಿಸಿರುತ್ತದೆ. ಚಾಲಕನ ಕಾಲು ಬ್ರೇಕ್ ಮುಟ್ಟುವುದರೊಳಗೆ ಆ ದೂರ ಮುಗಿದಿರುತ್ತದೆ. ಸಂಘಟಿತ ಸ್ಪರ್ಧೆಯಲ್ಲೂ ಅಪಾಯ ತಪ್ಪಿದ್ದಲ್ಲ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾಡಮೇರ್ ಬಳಿ ರಾಷ್ಟ್ರೀಯ ರ‍್ಯಾಲಿಯ ವೇಳೆ ಬೈಕಿಗೆ ಸ್ಪರ್ಧೆಯ ಕಾರು ಡಿಕ್ಕಿಯಾಗಿ ಒಂದೇ ಕುಟುಂಬದ ಮೂವರು ಮೃತಪಟ್ಟಿದ್ದರು. ರಸ್ತೆ ಮುಚ್ಚಿ, ಕಾವಲು ಹಾಕಿ ನಡೆಸುವ ಸ್ಪರ್ಧೆಯಲ್ಲೇ ಹೀಗಾದರೆ ಕಾವಲೇ ಇಲ್ಲದ ಹಾದಿಯ ಪಾಡು ಹೇಳಬೇಕಿಲ್ಲ.

ಒಂದೇ ನೋಟದಲ್ಲಿ

* ಯಾವ ವರ್ಗದಲ್ಲಿ ಸ್ಪರ್ಧೆ ಎಂಬುದನ್ನು ನಿರ್ಧರಿಸಿ, ಆ ವರ್ಷದ ನಿಯಮಾವಳಿ ಓದಿ.
* ಇರುವ ಕಾರನ್ನು ಪೂರ್ಣ ದುರಸ್ತಿ ಮಾಡಿಸಿ, ತುಕ್ಕು ಪರೀಕ್ಷಿಸಿ.
* ರೋಲ್ ಕೇಜ್, ಸೀಟು, ಹಾರ್ನೆಸ್, ಹೆಲ್ಮೆಟ್, ಅಗ್ನಿಶಾಮಕ; ಲೇಬಲ್ ಮತ್ತು ಅವಧಿ ನೋಡಿ ಕೊಳ್ಳಿ.
* ಮಣ್ಣಿನ ಹಾದಿಯ ಟೈರು.
* ಬ್ರೇಕ್ ಆಯಿಲ್, ಪ್ಯಾಡ್, ಹೋಸ್, ಇದೇ ಕ್ರಮದಲ್ಲಿ.
* ಸಂಪ್ ಗಾರ್ಡ್, ನಂತರ ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಒಟ್ಟಿಗೆ.
* ಕ್ಲಚ್, ಎಲ್‌ಎಸ್‌ಡಿ, ಗೇರು ಅನುಪಾತ.
* ಎಂಜಿನ್ ಶಕ್ತಿ. ಒಂದೆರಡು ಋತು ಸ್ಪರ್ಧಿಸಿದ ನಂತರ, ಅದರ ಕೊರತೆಯೇ ಅಡ್ಡಿಯೆಂದು ಖಚಿತವಾದರೆ ಮಾತ್ರ.

ಸ್ಪರ್ಧಾ ಪರವಾನಗಿ, ವರ್ಗೀಕರಣ ಮತ್ತು ತಪಾಸಣೆಯ ವಿವರಗಳಿಗೆ ಆಸಕ್ತರು ಎಫ್‌ಎಂಎಸ್‌ಸಿಐ ಅಥವಾ ಅದರ ಮಾನ್ಯತೆ ಪಡೆದ ಮೋಟಾರ್ ಕ್ರೀಡಾ ಕ್ಲಬ್‌ಗಳನ್ನು ಸಂಪರ್ಕಿಸಬಹುದು. ಬಿಡಿಭಾಗ ಕೊಳ್ಳುವ ಮುನ್ನವೇ ಈ ಸಂಪರ್ಕ ಮಾಡಿದರೆ ಅನಗತ್ಯ ಖರ್ಚು ತಪ್ಪುತ್ತದೆ.